ಪಿಯುಸಿ ಮನೆಯಲ್ಲೊಂದು ಉಲ್ಲನ್ ಕಪ್ಪೆ

ಸೆಕೆಂಡ್ ಪಿಯುಸಿ ಓದುವ ಮಗುವಿರುವ ಮನೆಯನ್ನು ಗುರುತಿಸುವುದು ಸುಲಭ. ಅಲ್ಲಿ ಟಿವಿಯ ದನಿ ಅಡಗಿರುತ್ತದೆ, ನೆಂಟರ ದನಿ ಏರಿರುತ್ತದೆ. ಅಡುಗೆಕಟ್ಟೆಯ ಮೇಲೆ ನೆನೆಹಾಕಿದ ಬಾದಾಮಿಯ ಬಟ್ಟಲಿರುತ್ತದೆ. ಮದುವೆ ಮುಂಜಿಗಳಿಗೆ ಮನೆಯ ಯಜಮಾನರು ಒಬ್ಬರೇ ಹೋಗಿ, "ಮಗನಿಗೆ ಪರೀಕ್ಷೆ" ಎಂದು ಮುಖ ಸಣ್ಣದು ಮಾಡಿ, ಅಲ್ಲಿನವರ ಕನಿಕರದ ಜೊತೆಗೆ ನಾಲ್ಕು ಚಿರೋಟಿಯನ್ನೂ ಕಟ್ಟಿಸಿಕೊಂಡು ಬರುತ್ತಾರೆ. ಒಂದರಲ್ಲಿ ಎಡವಿದರೆ ಇನ್ನೆರಡು ಅವಕಾಶವಿರಲಿ ಎಂದು ನಮ್ಮ ಸರ್ಕಾರ 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಇಟ್ಟಿತು. ಮಕ್ಕಳ ಮೇಲಿನ ಭಾರ ಇಳಿಯಲೆಂದು ಮಾಡಿದ ಏರ್ಪಾಡು. ಅದನ್ನು ಪೇಪರಿನಲ್ಲಿ ಓದಿದ ಕೂಡಲೇ "ಮೂರನ್ನೂ ಬರೆಸಿಬಿಟ್ಟರೆ ಹೇಗೆ?" ಎಂದು ಲೆಕ್ಕ ಹಾಕಿದ ತಾಯಿ ನಾನು. ಅದರ ಮೇಲೆ ಸಿಇಟಿ, ಅದರ ಮೇಲೆ ನೀಟ್. ಇಷ್ಟರ ನಡುವೆ ಓದಬೇಕಾದವನು ಒಬ್ಬ, ಟೆನ್ಷನ್ ಮಾಡಿಕೊಳ್ಳುವವರು ಇಬ್ಬರು. ಹಾಗಾಗಿ ಮನೆಯಲ್ಲಿ ಯಾರಾದರೂ ಒಬ್ಬರ ತಲೆ ಕೆಡಬೇಕೆಂದಾದರೆ ಅದು ನನ್ನದೇ ಎಂದು ನಾನು ನಂಬಿಕೊಂಡಿದ್ದೆ.

ಆದರೆ ಮಗ ಕೋಣೆಯ ಬಾಗಿಲು ಮುಂದಕ್ಕೆ ಮಾಡಿಕೊಂಡು ಕೂರತೊಡಗಿದ. ಹದಿನೇಳರ ಹುಡುಗ ಬಾಗಿಲು ಹಾಕಿಕೊಂಡರೆ ತಾಯಿಯಾದವಳು ಏನೇನು ಊಹಿಸಬಹುದೋ ಅಷ್ಟನ್ನೂ ನಾನು ಅನುಕ್ರಮವಾಗಿ ಊಹಿಸಿದೆ: ಮೊಬೈಲು, ಸಿಗರೇಟು, ಹುಡುಗಿ, ಆನ್‌ಲೈನ್ ರಮ್ಮಿ. ಒಂದು ದಿನ ಹಾಲು ಕೊಡುವ ನೆಪದಲ್ಲಿ ತಟ್ಟನೆ ನುಗ್ಗಿದಾಗ ಅವನು ಕೆಮಿಸ್ಟ್ರಿ ಪುಸ್ತಕದಡಿ ಏನನ್ನೋ ತುರುಕಿದ. ಪುಸ್ತಕ ಎತ್ತಿದೆ. ಕೆಳಗೊಂದು ಕ್ರೋಶಾ ಕಡ್ಡಿ, ಗಿಳಿಹಸಿರು ಉಲ್ಲನ್ನಿನ ಉಂಡೆ, ಮತ್ತು ಕಣ್ಣು ಬಂದಿದ್ದರೂ ಕಾಲು ಬಾರದ ಒಂದು ಕಪ್ಪೆ.

"ಇದೇನೋ?"

"ಕಪ್ಪೆ."

"ಕಪ್ಪೆ ಅಂತ ಕಾಣಿಸ್ತಿದೆ. ಯಾಕೆ?"

"ಟೆನ್ಷನ್ ಆದಾಗ ಹಾಕ್ತೀನಿ ಅಮ್ಮ. ಸ್ವಲ್ಪ ಹೊತ್ತು."

ಸಿಗರೇಟಾಗಿದ್ದರೆ ಏನು ಮಾತಾಡಬೇಕೆಂದು ನನ್ನಲ್ಲಿ ತಯಾರಿಯಿತ್ತು. ಕಪ್ಪೆಗೆ ಇರಲಿಲ್ಲ. ಹಾಲಿನ ಲೋಟ ಇಟ್ಟು ನೇರವಾಗಿ ಇವರ ಬಳಿ ಹೋಗಿ ವರದಿ ಒಪ್ಪಿಸಿದೆ. ಇವರು ಕನ್ನಡಕ ತೆಗೆದು ನಿಟ್ಟುಸಿರಿಟ್ಟರು. "ನಾವು ಪಿಯುಸಿಯಲ್ಲಿ ಕಪ್ಪೆ ಕೊಯ್ತಿದ್ವಿ. ಇವನು ಕಪ್ಪೆ ಹೆಣೀತಾನೆ. ಡಾಕ್ಟರ್ ಆದ ಹಾಗೇ."

ರಾತ್ರಿ ಊಟಕ್ಕೆ ಕೂತಾಗ ಇವರು ಸೀದಾ ವಿಷಯಕ್ಕೆ ಬಂದರು. ಗಂಡುಹುಡುಗ ಹೆಣಿಗೆ ಹಾಕುವುದೆಂದರೇನು ಎಂಬುದು ಇವರ ಧಾಟಿ. ಮಗ ತುತ್ತು ನಿಲ್ಲಿಸದೆ ಹೇಳಿದ: ಟಾಮ್ ಡೇಲಿ ಅಂತ ಬ್ರಿಟನ್ನಿನ ಡೈವರ್ ಒಬ್ಬನಿದ್ದಾನೆ, 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ, ಉಳಿದ ಸ್ಪರ್ಧೆಗಳನ್ನು ಗ್ಯಾಲರಿಯಲ್ಲಿ ಕೂತು ಹೆಣಿಗೆ ಹಾಕುತ್ತಲೇ ನೋಡಿದ, ಪದಕ ಗೀರು ಬೀಳದ ಹಾಗೆ ಇಡಲು ತಾನೇ ಒಂದು ಉಲ್ಲನ್ ಚೀಲವನ್ನೂ ಹೆಣೆದುಕೊಂಡ.

"ಚಿನ್ನ ಕೊಟ್ಟಿದ್ದು ಹೆಣೆದಿದ್ದಕ್ಕೋ, ನೀರಿಗೆ ಹಾರಿದ್ದಕ್ಕೋ?" ಎಂದರು ಇವರು.

"ಗಾಂಧೀಜಿ ನೂಲು ತೆಗೀತಿರ್ಲಿಲ್ವಾ ಅಪ್ಪ?"

"ಅವರು ನೀಟ್ ಬರೀಬೇಕಾಗಿರಲಿಲ್ಲ."

ಇಲ್ಲಿ ನಾನು ನಡುವೆ ಬಾಯಿ ಹಾಕಿ ಮಗನ ಪಕ್ಷ ವಹಿಸಬೇಕಿತ್ತು. ಆದರೆ ಸೂಜಿ ದಾರದ ವಿಷಯ ಬಂದರೆ ನಾನು ದನಿ ಎತ್ತುವ ಸ್ಥಿತಿಯಲ್ಲಿಲ್ಲ. ಹೈಸ್ಕೂಲಿನಲ್ಲಿ ವಾರಕ್ಕೊಂದು ಹೊಲಿಗೆ ಪೀರಿಯಡ್ಡು ಇರುತ್ತಿತ್ತು. ಒಂದು ತುಂಡು ಬಿಳಿ ಬಟ್ಟೆಯ ಮೇಲೆ ಓಟದ ಹೊಲಿಗೆ, ಚೈನ್ ಸ್ಟಿಚ್, ಹೆರಿಂಗ್‌ಬೋನ್, ಲೇಜಿ ಡೇಜಿ, ಕೊನೆಗೆ ಒಂದು ಕಾಜಾ, ಒಂದು ಗುಂಡಿ. ಇಷ್ಟು ಹೊಲಿದು ಒಪ್ಪಿಸಬೇಕು. ನನ್ನ ಬಟ್ಟೆಯನ್ನು ನೋಡಿದ ಮೇಡಂ, ಲೇಜಿ ಎಂಬಷ್ಟನ್ನು ಸಾಧಿಸಿದ್ದೀಯ, ಡೇಜಿ ಎಲ್ಲೂ ಕಾಣುತ್ತಿಲ್ಲ ಎಂದಿದ್ದರು.

ಆದರೂ ಆ ಕಾಲದಲ್ಲಿ ಕಸೂತಿ ಬಾರದ ಹೆಣ್ಣಿಗೆ ವರ ಸಿಗುವುದು ಕಷ್ಟವೆಂದು ಹಿರಿಯರ ಅಂಬೋಣ. ನನ್ನನ್ನು ನೋಡಲು ಇವರ ಮನೆಯವರು ಧಾರವಾಡದಿಂದ ಬಂದಾಗ, ಚಿಕ್ಕಮ್ಮ ಹೊಲಿದಿದ್ದ ಗಿಳಿಯ ಚಿತ್ರದ ದಿಂಬಿನ ಚೀಲವನ್ನು "ಹುಡುಗಿಯೇ ಮಾಡಿದ್ದು" ಎಂದು ಕಾಫಿ ತಟ್ಟೆಯ ಪಕ್ಕದಲ್ಲಿಟ್ಟರು. ಗಿಳಿ ಚೆನ್ನಾಗಿಯೇ ಇತ್ತು, ಕೊಕ್ಕಿನಲ್ಲಿ ಹಣ್ಣೂ ಇತ್ತು. ಆದರೆ ಧಾರವಾಡದವರ ಎದುರು ಕಸೂತಿ ಎಂಬ ಪದ ಬಳಸುವಾಗ ಎಚ್ಚರ ಬೇಕು. ನಮ್ಮ ಮೈಸೂರು ಕಡೆ ಸೂಜಿಯಲ್ಲಿ ಏನೇ ಮಾಡಿದರೂ ಕಸೂತಿಯೇ. ಅವರಿಗೆ ಕಸೂತಿಯೆಂದರೆ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ, ಬಟ್ಟೆಯ ಎಳೆ ಎಣಿಸಿ, ಗಂಟೇ ಹಾಕದೆ ಮಾಡುವುದು ಮಾತ್ರ. ಗವಂತಿ ಮುರ್ಗಿಗಳಲ್ಲಿ ಹಿಂದೂ ಒಂದೇ, ಮುಂದೂ ಒಂದೇ. ಆದ್ದರಿಂದ ಅತ್ತೆ ಗಿಳಿಯ ಮುಖ ನೋಡಲೇ ಇಲ್ಲ. ಚೀಲವನ್ನು ಕೈಗೆ ತೆಗೆದುಕೊಂಡು ಒಳಹೊರಗು ಮಾಡಿ, ಹಿಂದಿನ ಗಂಟುಗಳನ್ನು ಒಂದು ನಿಮಿಷ ನೋಡಿ, ಮಡಿಚಿ ಇಟ್ಟು, "ಛಲೋ ಅದ. ಯಾರು ಮಾಡ್ಯಾರೋ ಅವರಿಗೆ ಹೇಳ್ರಿ" ಎಂದರು. ಮದುವೆಯಾಯಿತು. ಆ ಬಗ್ಗೆ ಅವರು ಮತ್ತೆ ಬಾಯಿ ಬಿಟ್ಟಿಲ್ಲ. ಗುಂಡಿ ಕಿತ್ತ ಅಂಗಿಗಳನ್ನು ಮಾತ್ರ ನನ್ನ ಕೈಗೆ ಕೊಡುವುದಿಲ್ಲ.

ಇರಲಿ. ಅಂದು ಹೆಣ್ಣಿಗೆ ಗಂಡು ಹುಡುಕಲು ಬಳಕೆಯಾದ ಸೂಜಿ ಇಂದು ಗಂಡುಮಕ್ಕಳ ಟೆನ್ಷನ್ನಿಗೆ ಔಷಧವಾಗುತ್ತಿದ್ದರೆ ಬೇಡವೆನ್ನಲು ನಾನ್ಯಾರು? ಆದರೆ ನಮ್ಮಂಥ ಓದಿದ ತಾಯಂದಿರಿಗೆ ಮಗ ಹೇಳಿದರೆ ಸಾಲದು, ಸಂಶೋಧನೆ ಹೇಳಬೇಕು. ರಾತ್ರಿಯೆಲ್ಲ ಕೂತು ಓದಿದೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಬ್ರಿಟಿಷ್ ಸೈನಿಕರಿಗೆ ಕಸೂತಿ ಕಲಿಸಿದರಂತೆ, 1918ರಲ್ಲಿ ಅದಕ್ಕೆಂದೇ ಒಂದು ಸಂಸ್ಥೆಯೂ ಹುಟ್ಟಿತಂತೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲೂ ಹೊಲಿಗೆ, ನೇಯ್ಗೆ ಕಲಿಸುತ್ತಾರೆ. ನಿಮ್ಹಾನ್ಸ್ ಎಂದೊಡನೆ ಇವರು ಬೆಚ್ಚಿ, "ಅಷ್ಟು ಹೆಚ್ಚಾಗಿದೆಯಾ ಅವನಿಗೆ?" ಎಂದರು. ನಾನು ಮುಂಜಾಗ್ರತೆಯಾಗಿ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಉಲ್ಲನ್ನಿಗೆ ಬಗ್ಗದ ದುಗುಡವೂ ಇರುತ್ತದೆ, ಅದಕ್ಕೆ ಮಾತಾಡಲು ತಿಳಿದವರು ಬೇಕು. ಮಗ ಹಣ್ಣು ತೆಗೆಯಲು ಬಂದವನು ಅದನ್ನೋದಿ, "ಇದು ನನಗಾ, ನಿನಗಾ?" ಎಂದು ಕೇಳಿ ಹೋದ.

ಕೊನೆಗೆ ನನ್ನ ಕೈಗೆ ಬ್ರಹ್ಮಾಸ್ತ್ರ ಸಿಕ್ಕಿತು. ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ 2013ರಲ್ಲಿ ಬಂದ ಸಮೀಕ್ಷೆ: ಹಲವು ದೇಶಗಳ 3,545 ಮಂದಿ ಹೆಣಿಗೆಯವರನ್ನು ಕೇಳಿದ್ದಾರೆ, ಹೆಚ್ಚು ಹೆಚ್ಚು ಹೆಣೆಯುವವರು ಹೆಚ್ಚು ನೆಮ್ಮದಿಯಿಂದಿದ್ದೇವೆ ಎಂದಿದ್ದಾರೆ. ಬೆಳಗಿನ ತಿಂಡಿಗೆ ಇದನ್ನು ಗಟ್ಟಿಯಾಗಿ ಓದಿ ಹೇಳಿದೆ.

"ಯಾರನ್ನ ಕೇಳಿದ್ದು?" ಎಂದ ಮಗ.

"ಹೆಣಿಗೆ ಹಾಕೋರನ್ನ."

"ಅಮ್ಮ, ದರ್ಶಿನಿ ಮುಂದೆ ನಿಂತು ದೋಸೆ ತಿನ್ನೋರನ್ನ ಕೇಳಿದ್ರೆ ದೋಸೆ ಚೆನ್ನಾಗಿದೆ ಅಂತಾನೇ ಅಂತಾರೆ. ಬೇಸರ ಬಂದು ಬಿಟ್ಟೋರನ್ನ ಕೇಳಿದ್ರಾ? ಅಲ್ದೆ ಅವರೆಲ್ಲ ದೊಡ್ಡೋರು."

ಇಷ್ಟು ತರ್ಕ ಮಾಡುವ ಮಗನಿಗೆ ಫಿಸಿಕ್ಸ್‌ನಲ್ಲಿ ಅಂಕ ಏಕೆ ಬರುತ್ತಿಲ್ಲವೋ ಎಂಬ ಪ್ರಶ್ನೆ ನಾಲಿಗೆ ತುದಿಯವರೆಗೆ ಬಂದಿತ್ತು, ಚಟ್ನಿಯೊಂದಿಗೆ ನುಂಗಿಕೊಂಡೆ. "ಹಾಗಾದ್ರೆ ನಿನಗೆ ಯಾಕೆ ಒಳ್ಳೇದನ್ನಿಸುತ್ತೆ?" ಎಂದೆ.

ಅವನು ಸ್ವಲ್ಪ ಯೋಚಿಸಿದ. ಎಣಿಸುತ್ತಿರುವಾಗ ಬೇರೆ ಯೋಚನೆ ಬರಲ್ಲ ಎಂದ. ಎರಡು ಕೈಯೂ ಕೆಲಸದಲ್ಲಿರುತ್ತೆ, ಫೋನ್ ಎತ್ತಿಕೊಳ್ಳೋಕೆ ಮೂರನೇ ಕೈ ಇಲ್ಲ ಎಂದ. ಆಮೇಲೆ, "ನೀಟಲ್ಲಿ ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಮೈನಸ್ ಒಂದು. ಇದ್ರಲ್ಲಿ ತಪ್ಪಾದ್ರೆ ದಾರ ಎಳೆದ್ರೆ ಆಯ್ತು, ಬಿಚ್ಚಿಕೊಳ್ಳುತ್ತೆ. ಮತ್ತೆ ಹಾಕಬಹುದು" ಎಂದ.

ಇವರು ಪೇಪರಿನ ಹಿಂದಿನಿಂದ ಇಣುಕಿ ನೋಡಿದರು. ನನಗೆ ಗಂಟಲು ಕಟ್ಟಿತು. ಅಲ್ಲಿಗೆ ಬಿಟ್ಟಿದ್ದರೆ ಎಲ್ಲವೂ ಚೆನ್ನಾಗಿರುತ್ತಿತ್ತು. ಆದರೆ ನಮ್ಮಂಥವರ ಮನೆಯಲ್ಲಿ ಮಗುವಿಗೆ ಒಂದು ಒಳ್ಳೆಯದು ಸಿಕ್ಕಿದರೆ ಅದನ್ನು ಸುಮ್ಮನೆ ಇರಗೊಡುವ ವಾಡಿಕೆಯಿಲ್ಲ.

ಮರುದಿನವೇ ಅವನ ಟೈಂಟೇಬಲ್ಲಿನಲ್ಲಿ ಬಯಾಲಜಿಗೂ ಮ್ಯಾಥ್ಸಿಗೂ ನಡುವೆ "7.30ರಿಂದ 8.00: ಕ್ರೋಶಾ (ಒತ್ತಡ ನಿವಾರಣೆ)" ಎಂದು ಹಸಿರು ಶಾಯಿಯಲ್ಲಿ ಬರೆದೆ. 7.30ಕ್ಕೆ ಸರಿಯಾಗಿ ಬಾಗಿಲು ತಟ್ಟಿ, "ಒತ್ತಡ ನಿವಾರಣೆ ಶುರು ಮಾಡಿದೆಯಾ?" ಎಂದು ಕೇಳಿದೆ. ಎಂಟಕ್ಕೆ, "ಎಷ್ಟು ಸಾಲು ಆಯ್ತು?" ಎಂದೆ. ಚಿಕ್ಕಪೇಟೆಯ ಗಲ್ಲಿಗಳನ್ನೆಲ್ಲ ಸುತ್ತಿ, ಆ ಬೀದಿಯಲ್ಲಿ ಇದ್ದಬದ್ದ ಬಣ್ಣದ ಉಲ್ಲನ್ನೆಲ್ಲ ಹೊತ್ತು ತಂದೆ. ಅಪಾರ್ಟ್‌ಮೆಂಟಿನ ಹೆಂಗಸರಿಗೆ ಕಪ್ಪೆಯ ಫೋಟೋ ಕಳಿಸಿದೆ. ಮೂರನೇ ಮಹಡಿಯವರು, "ನಮ್ಮ ಮಗಳು ಇಡೀ ಮೃಗಾಲಯ ಮಾಡಿದ್ದಾಳೆ" ಎಂದು ಆನೆ, ಜಿರಾಫೆಗಳ ಸಾಲನ್ನೇ ಹಾಕಿದರು. ನನ್ನ ಎದೆಬಡಿತ ಏರಿತು. ಮಗನ ಕೋಣೆಗೆ ಹೋಗಿ, "ಜಿರಾಫೆ ಎಷ್ಟು ದಿನದ ಕೆಲಸ?" ಎಂದು ವಿಚಾರಿಸಿದೆ.

ಇವರದು ಇನ್ನೊಂದು ದಾರಿ. ಸೀರೆಯ ಸೆರಗಿಗೆ ಕ್ರೋಶಾ ಕುಚ್ಚು ಹಾಕಿಸಲು ಪೇಟೆಯಲ್ಲಿ ಸಾವಿರ ದಾಟುವುದೂ ಉಂಟೆಂದು ಯಾರೋ ಆಫೀಸಿನಲ್ಲಿ ಹೇಳಿದರು. ಅಂದು ಸಂಜೆಯಿಂದ ಇವರಿಗೆ ಗಂಡುಮಕ್ಕಳು ಹೆಣಿಗೆ ಹಾಕುವುದರಲ್ಲಿ ಯಾವ ತಪ್ಪೂ ಕಾಣಲಿಲ್ಲ. ಗೌರಿ ಹಬ್ಬಕ್ಕೆ ಎಷ್ಟು ಸೀರೆ, ಸೀರೆಗೆ ಎಷ್ಟು, ಕೋಚಿಂಗಿನ ಎರಡನೇ ಕಂತು ಎಷ್ಟು ಎಂದು ಲಕೋಟೆಯ ಹಿಂದೆ ಲೆಕ್ಕ ಹಾಕಿದರು. ನಾದಿನಿ ಹುಬ್ಬಳ್ಳಿಯಿಂದ ಫೋನು ಮಾಡಿ, ಸ್ಪೋರ್ಟ್ಸ್ ಕೋಟಾ ಇದ್ದಂತೆ ಇದಕ್ಕೂ ಏನಾದರೂ ಕೋಟಾ ಇದೆಯೇ ನೋಡಿ ಎಂದಳು. ನಾನು ನಿಜವಾಗಿಯೂ ನೋಡಿದೆ.

ಎರಡನೇ ವಾರಕ್ಕೆ ಮಗ ಕಡ್ಡಿಯನ್ನು ಪೆನ್‌ಸ್ಟ್ಯಾಂಡಿಗೆ ಸಿಕ್ಕಿಸಿಟ್ಟು ಕ್ರೋಶಾ ನಿಲ್ಲಿಸಿದ. "ಯಾಕೋ?" ಎಂದರೆ, "ಅದನ್ನ ನೋಡಿದ್ರೇ ಟೆನ್ಷನ್ ಆಗುತ್ತೆ" ಎಂದ.

ಈಗ ಮನೆಯಲ್ಲಿ ಉಲ್ಲನ್ನಿನ ರಾಶಿಯಿತ್ತು, ಹೆಣೆಯುವವರಿರಲಿಲ್ಲ, ಮತ್ತು ನನ್ನ ಟೆನ್ಷನ್ ಮೊದಲಿಗಿಂತ ಹೆಚ್ಚಿತ್ತು. ದಂಡವಾಗಬಾರದೆಂದು ನಾನೇ ಕಡ್ಡಿ ಹಿಡಿದೆ. ಟೀ ಲೋಟದ ಕೆಳಗಿಡುವ ಒಂದು ದುಂಡು ಬಿಲ್ಲೆ ಸಾಕು, ಜಿರಾಫೆಯ ಆಸೆ ನನಗಿರಲಿಲ್ಲ. ವಿಡಿಯೋ ನೋಡಿ ಕಲಿಯೋಣವೆಂದರೆ ಅಲ್ಲೂ ಎರಡು ಪಂಥ: ಅಮೆರಿಕದವರು ಸಿಂಗಲ್ ಕ್ರೋಶಾ ಎಂದು ಕರೆಯುವುದನ್ನೇ ಬ್ರಿಟನ್ನಿನವರು ಡಬಲ್ ಎನ್ನುತ್ತಾರೆ. ಅರ್ಧ ಬಿಲ್ಲೆ ಅಮೆರಿಕದ ಹೆಂಗಸಿನಿಂದಲೂ ಉಳಿದರ್ಧ ಇಂಗ್ಲೆಂಡಿನ ಅಜ್ಜಿಯಿಂದಲೂ ಕಲಿತೆ. ಆರು ಕಣ್ಣಿನಿಂದ ಶುರುಮಾಡಿ ಸುತ್ತಿಗೆ ಆರಾರೇ ಹೆಚ್ಚಿಸುತ್ತ ಹನ್ನೆರಡು, ಹದಿನೆಂಟು, ಇಪ್ಪತ್ತನಾಲ್ಕು ಎಂದು ಹೋದರೆ ಬಿಲ್ಲೆ ಚಪ್ಪಟೆಯಾಗಿ ಬರುತ್ತದೆ. ಹೆಚ್ಚಿಸುವುದನ್ನು ನಿಲ್ಲಿಸಿದರೆ ಬಟ್ಟಲಾಗಿ ಮೇಲೇಳುತ್ತದೆ. ಕುಕ್ಕರಿನ ಸೀಟಿ ಎಣಿಸುತ್ತ, ಕಣ್ಣನ್ನೂ ಎಣಿಸುತ್ತ, ಎರಡೂ ಲೆಕ್ಕ ಕಲೆಸಿಹೋಗಿ ನಾನು ಬೇಕಾದ್ದಕ್ಕಿಂತ ಬಹಳ ಹೆಚ್ಚಿಸಿಬಿಟ್ಟೆ. ಬಿಲ್ಲೆ ಅಂಚಿನುದ್ದಕ್ಕೂ ಅಲೆ ಅಲೆಯಾಗಿ ಮಡಿಚಿಕೊಂಡು ಕೆಂಪು ಕೋಸಿನಂತೆ ಕೂತಿತು. ಅದರ ಮೇಲಿಟ್ಟ ಲೋಟ ಉರುಳಿತು.

ಮಗ ಅದನ್ನೆತ್ತಿ ನೋಡಿದ. ಬಹಳ ದಿನದ ಮೇಲೆ ಅವನ ಮುಖ ಅರಳಿತು. "ಅಮ್ಮ! ಹೈಪರ್‌ಬಾಲಿಕ್ ಪ್ಲೇನ್ ಮಾಡಿದೀಯ!"

ಬೈಗುಳವೆಂದು ಭಾವಿಸಿದೆ. ಅಲ್ಲವಂತೆ. ಸಮಾಂತರ ರೇಖೆಗಳು ನಾವು ಶಾಲೆಯಲ್ಲಿ ಓದಿದಂತೆ ನಡೆದುಕೊಳ್ಳದ ಒಂದು ಬಗೆಯ ಜ್ಯಾಮಿತಿ ಇದೆ. ಅದರ ಮೇಲ್ಮೈಯನ್ನು ಕೈಯಲ್ಲಿ ಹಿಡಿದು ತೋರಿಸುವಂತೆ ಮಾಡುವುದು ಕಷ್ಟ. ಕಾಗದ ಅಂಟಿಸಿ ಮಾಡಿದ ಮಾದರಿಗಳು ಹರಿದುಹೋಗುತ್ತಿದ್ದವು. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಡೈನಾ ತೈಮಿನಾ ಎಂಬ ಗಣಿತಜ್ಞೆ ಅದನ್ನು ಕ್ರೋಶಾದಲ್ಲಿ ಹೆಣೆದು ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಆಕೆ ಬೇಕೆಂದೇ ಪ್ರಮಾಣಬದ್ಧವಾಗಿ ಹೆಚ್ಚಿಸುತ್ತ ಹೋಗಿ ಮಾಡಿದ್ದನ್ನು ನಾನು ಕುಕ್ಕರಿನ ಸಹಾಯದಿಂದ ಮಾಡಿದ್ದೆ. ಹೊಲಿಗೆ ಮೇಡಂ ನೆನಪಾದರು, ಎಲ್ಲಿದ್ದಾರೋ.

"ಇದು ಸಿಲಬಸ್‌ನಲ್ಲಿದೆಯಾ?" ಎಂದು ಇವರು ಒಳಗಿನಿಂದ ಕೂಗಿದರು.

ಇಂಥ ಹೊತ್ತಿಗೆ ಅತ್ತೆ ಧಾರವಾಡದಿಂದ ಬಂದಿಳಿದರು. ಅವರ ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಜೊತೆಗೆ ಹಳೆ ಸೀರೆಗಳನ್ನು ಸೇರಿಸಿ ಹೊಲಿದ ಒಂದು ಕೌದಿ, ಒಂದು ಮೊಳ ಮ್ಯಾಟಿ ಬಟ್ಟೆ, ಸೂಜಿ, ದಾರದ ಲಡಿಗಳು. ಅವರಿಗೆ ನೀಟ್ ಎಂದರೇನೆಂದು ವಿವರಿಸಲು ಹೋದೆ. "ಹೂಂ, ನೀಟಾಗಿ ಬರೀಬೇಕು" ಎಂದು ಮುಗಿಸಿ, ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೂಜಿಗೆ ದಾರ ಪೋಣಿಸಿ ಕೊಡು ಎಂದರು. ಅವರಿಗೆ ಕಣ್ಣು ಮಂಜು. ಇವನು ಪೋಣಿಸಿ ಕೊಟ್ಟ. ಮತ್ತೊಂದು. ಮೂರನೆಯದಕ್ಕೆ, "ನೀನ ಎರಡು ಹೊಲಿಗಿ ಹಾಕೋ ತಮ್ಮಾ, ನನ್ನ ಕೈ ನೋಯ್ತಾವ" ಎಂದರು. ನೋವು ಸುಳ್ಳೆಂದು ನನಗೆ ಗೊತ್ತಿತ್ತು. ಅಂದು ಬೆಳಿಗ್ಗೆ ಅದೇ ಕೈ ಮೂವತ್ತು ರೊಟ್ಟಿ ಬಡಿದಿತ್ತು.

ನಾನು ಕೋಣೆಯ ಸುತ್ತ ಸುಳಿದಾಡಿದೆ. ಅವರು ಅವನನ್ನು ಮೆಚ್ಚುತ್ತಿರಲಿಲ್ಲ, ಪ್ರೋತ್ಸಾಹಿಸುತ್ತಿರಲಿಲ್ಲ, ಫೋಟೋ ತೆಗೆಯುತ್ತಿರಲಿಲ್ಲ. "ಎಳಿ ಎಣಿಸು. ಕಣ್ಣಳತಿ ನಡೆಯೂದಿಲ್ಲ." "ಗಂಟ ಹಾಕಬ್ಯಾಡ." "ಒಂದ ಎಳಿ ಜಾಸ್ತಿ ಹೋತು. ಬಿಚ್ಚು." ಇಷ್ಟೇ ಮಾತು. ಹಿಂದೆಲ್ಲ ಕರಿ ಚಂದ್ರಕಾಳಿ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟಿ, ಅಂಬಾರಿ ಆನೆಗಳನ್ನು ಹೀಗೆ ಎಣಿಸಿ ಎಣಿಸಿಯೇ ತೆಗೆಯುತ್ತಿದ್ದರಂತೆ. ಈಗ ಧಾರವಾಡದ ಕಸೂತಿಗೆ ಜಿಐ ಮಾನ್ಯತೆ ಸಿಕ್ಕಿದೆ ಎಂದು ಮಗ ಫೋನು ನೋಡಿ ಹೇಳಿದರೆ, "ನಮ್ಮವ್ವ ಇದ್ದಾಗ ಕೊಡಬೇಕಿತ್ತು" ಎಂದು ಅವರು ಸೂಜಿಯಿಂದ ಕಣ್ಣೆತ್ತಲಿಲ್ಲ.

ಅವನಿಗೆ ಗವಂತಿಯಲ್ಲಿ ಒಂದು ಸೋಜಿಗ ಕಂಡಿತು. ಸೂಜಿ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಎಂದು ಓಡುತ್ತ ಹೋಗುತ್ತದೆ, ನಡುವೆ ಖಾಲಿ ಬಿಡುತ್ತದೆ. ವಾಪಸು ಬರುವಾಗ ಆ ಖಾಲಿಗಳನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ಬಂದು ಸೇರುತ್ತದೆ. ಗೋಪುರಕ್ಕೆ ಎಷ್ಟು ಕವಲಿದ್ದರೂ, ಗೆರೆಗಳು ಒಂದಕ್ಕೊಂದು ಕೂಡಿದ್ದರೆ ಸಾಕು, ಪ್ರತಿ ಗೆರೆಯ ಮೇಲೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಡೆದು, ದಾರ ಕತ್ತರಿಸದೆ ಮುಗಿಸಬಹುದು. "ಅಜ್ಜಿ, ಇದು ಗ್ರಾಫ್ ಥಿಯರಿ! ಆಯ್ಲರ್ ಅಂತ ಒಬ್ಬ ಇದ್ದ..." ಎಂದು ಕಾಗದದ ಮೇಲೆ ಬರೆದು ತೋರಿಸಿದ.

ಅತ್ತೆ ಪೂರ್ತಿ ಕೇಳಿಸಿಕೊಂಡರು. "ಹೋದ ದಾರೀಲೆ ತಿರುಗಿ ಬರಬೇಕು ಅನ್ನೂದಕ್ಕ ಕಾಲೇಜು ಬೇಕಾತೇನು? ಎಣಿಸು."

ಇವರು ಅಷ್ಟರಲ್ಲಿ ಬಾಗಿಲಲ್ಲಿ ನಿಂತು, ಓದಿನ ಹೊತ್ತಿನಲ್ಲಿ ಇದೆಲ್ಲ ಎಷ್ಟು ಸರಿ ಎಂದು ಮೆಲ್ಲಗೆ ಆಕ್ಷೇಪ ತೆಗೆದರು. ತಾಯಿಯ ಮುಂದೆ ಇವರ ದನಿ ಯಾವಾಗಲೂ ಒಂದು ಸ್ಥಾಯಿ ಕೆಳಗೆ.

"ನೀ ಸುಮ್ಮನಿರು. ಎಸ್ಸೆಸ್ಸೆಲ್ಸಿ ಸೂಟಿಯೊಳಗ ರಿಸಲ್ಟಿಗೆ ಹೆದರಿ ಅನ್ನಾ ಬಿಟ್ಟಿದ್ದಿ. ವೈರು ತಂದು ಕೈಗೆ ಕೊಟ್ಟಿದ್ದೆ. ಎಷ್ಟು ಬುಟ್ಟಿ ಹೆಣದಿದ್ದೀ? ಓಣ್ಯಾಗ ಎಲ್ಲಾರ ಮನ್ಯಾಗೂ ಇವನ ಬುಟ್ಟಿ!"

ಮನೆ ಸ್ತಬ್ಧವಾಯಿತು. ಇವರ ಕಿವಿ ಕೆಂಪಾಯಿತು. ಪ್ಲಾಸ್ಟಿಕ್ ವೈರಿನ ಬುಟ್ಟಿ! ನನ್ನ ಗಂಡ! ಹತ್ತೊಂಬತ್ತು ವರ್ಷದಿಂದ ಅದೇ ಜಾತಿಯ ಬುಟ್ಟಿಯೊಂದರಲ್ಲಿ ನಾನು ಕಾಯಿಪಲ್ಲೆ ತರುತ್ತಿದ್ದೇನೆ, ಅಡಿಯಲ್ಲಿ ಹಳದಿ, ಮೇಲೆ ನೀಲಿ ಚೌಕಳಿ. ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟದ್ದೆಂದು ತಿಳಿದಿದ್ದೆ. ಮಗ ಓಡಿಹೋಗಿ ಅದನ್ನು ತಂದು ನಡುಮನೆಯಲ್ಲಿಟ್ಟ. ಇವರು ಅತ್ತಿತ್ತ ನೋಡಿ, ಹಿಡಿಕೆಯ ಬಳಿ ಸಡಿಲವಾಗಿದ್ದ ಒಂದು ವೈರನ್ನು ಹೆಬ್ಬೆರಳಿನಿಂದ ಒಳಗೆ ತಳ್ಳಿ ಸರಿಮಾಡಿದರು. ಆ ಬೆರಳು ಯಾವ ಯೋಚನೆಯೂ ಇಲ್ಲದೆ ಸರಿಯಾದ ಗಂಟಿಗೇ ಹೋಯಿತು. ಆ ಭಾನುವಾರ ಮಾರುಕಟ್ಟೆಗೆ ಹೋದವರು ಟೊಮ್ಯಾಟೋ ಮರೆತು ಎರಡು ಕಟ್ಟು ವೈರು ತಂದರು. "ಬುಟ್ಟಿ ರಿಪೇರಿಗೆ" ಎಂದು ಯಾರೂ ಕೇಳದೆಯೇ ಹೇಳಿದರು.

ಹೀಗೆ ಮಾರ್ಚ್ ಹೊತ್ತಿಗೆ ನಮ್ಮ ಮನೆಯಲ್ಲಿ ಒಬ್ಬರು ವೈರು, ಒಬ್ಬರು ಕಸೂತಿ, ನಾನು ಕೋಸು. ಮಗ ಓದುತ್ತಿದ್ದ, ನಡುನಡುವೆ ಬಂದು ನಮ್ಮೆಲ್ಲರ ಸಾಲು ಪರಿಶೀಲಿಸುತ್ತಿದ್ದ, ಕೈಗೆ ಸಿಕ್ಕದ್ದರಲ್ಲಿ ನಾಲ್ಕು ಹೊಲಿಗೆ ಹಾಕಿ ಹೋಗುತ್ತಿದ್ದ. ಅವನ ಟೈಂಟೇಬಲ್ಲಿನ ಹಸಿರು ಶಾಯಿಯ ಸಾಲಿನ ಮೇಲೆ ಅತ್ತೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಮುಚ್ಚಿಬಿಟ್ಟಿದ್ದರು. ಕಪ್ಪೆಗೆ ಯಾವಾಗಲೋ ನಾಲ್ಕೂ ಕಾಲು ಬಂದಿತ್ತು, ಯಾರೂ ಫೋಟೋ ತೆಗೆಯಲಿಲ್ಲ.

ಮೇ ಮೊದಲ ಭಾನುವಾರ ನೀಟ್. ಒಂದೂವರೆಗೆ ಗೇಟು ಮುಚ್ಚಿತು, ಎರಡಕ್ಕೆ ಪರೀಕ್ಷೆ ಶುರು. ಒಳಗೆ ಹೋಗುವವರ ಮೈಮೇಲೆ ಲೋಹದ ಒಂದು ಪಿನ್ನೂ ಇರಕೂಡದು. ಹೊರಗಿರುವ ತಾಯಂದಿರಿಗೆ ಆ ನಿಯಮವಿಲ್ಲ. ಹೊಂಗೆ ಮರದಡಿ ಕೂತು ಚೀಲದಿಂದ ಕಡ್ಡಿ, ಉಲ್ಲನ್ ತೆಗೆದೆ. ಪಕ್ಕದ ಮಹಾತಾಯಿ ಕೈ ಹಿಸುಕಿಕೊಳ್ಳುತ್ತ, "ಯಾವ ಕೋಚಿಂಗು?" ಎಂದರು. ಉತ್ತರಿಸುವ ಬದಲು ಅವರ ಕೈಗೊಂದು ಉಂಡೆ ಕೊಟ್ಟೆ. ಚೀಲದಲ್ಲಿ ಇನ್ನೂ ಬಹಳ ಕಡ್ಡಿಗಳಿದ್ದವು, ಎಲ್ಲವೂ ಚಿಕ್ಕಪೇಟೆಯ ಕಾಲದ್ದು. ಮೂರೂವರೆ ಹೊತ್ತಿಗೆ ಮರದಡಿ ಒಂದು ಹೊಲಿಗೆ ಕ್ಲಾಸೇ ನಡೆದಿತ್ತು, ಮತ್ತು ಮೇಡಂ ನಾನಾಗಿದ್ದೆ. ಇವರು ಕಾರಿನೊಳಗೆ ಗಾಜು ಏರಿಸಿಕೊಂಡು ಕೂತಿದ್ದರು. ಕೈ ಕಾಣುತ್ತಿರಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು.

ಐದಾದ ಮೇಲೆ ಮಕ್ಕಳು ಬರತೊಡಗಿದರು. ಮಗ ಜನರ ನಡುವೆ ದಾರಿ ಮಾಡಿಕೊಂಡು ಬಂದು ನನ್ನೆದುರು ನಿಂತ. "ಫಿಸಿಕ್ಸ್ ಹೇಗಿತ್ತು?" ಎಂಬ ಪ್ರಶ್ನೆಗೆ ನಾನು ಬಾಯಿ ತೆರೆದಿದ್ದೆ. ಅವನು ನನ್ನ ಕೈಯಲ್ಲಿದ್ದುದನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು, ತಿರುವಿ ಹಿಂದೆಯೂ ನೋಡಿದ.

"ನಾಲ್ಕನೇ ಸುತ್ತಲ್ಲೇ ಲೆಕ್ಕ ತಪ್ಪಿದೆ. ಬಿಚ್ಚು."

ಅಲ್ಲೇ ಕಲ್ಲಿನ ಮೇಲೆ ಕೂತು ತಾನೇ ದಾರ ಎಳೆಯತೊಡಗಿದ. ನನ್ನ ವಿದ್ಯಾರ್ಥಿನಿಯರು ತಮ್ಮ ತಮ್ಮ ಕೆಲಸವನ್ನು ಮೆಲ್ಲನೆ ಸೆರಗಿನೊಳಗೆ ಸೇರಿಸಿಕೊಂಡರು.